ಕಚೇರಿಯ ಕಾಗದಗಳು



ಊರು ಬಿಟ್ಟು ದೆಹಲಿಗೆ ಬಂದ ನಮ್ಮಲ್ಲಿ ಅನೇಕರ ಅನ್ನ ಕೇಂದ್ರ ಸರ್ಕಾರದ ಕಡತಗಳಲ್ಲಿದೆ. ಆದುದರಿಂದ ರಾಜ್ಯೋತ್ಸವದ ಈ ದಿನ ಕಚೇರಿಯ ಕಾಗದಗಳನ್ನು ಕುರಿತು ನಾಲ್ಕು ಮಾತು ಆಡಿದರೆ ಅನುಚಿತವಾಗದೆಂದು ನಂಬಿದ್ದೇವೆ.

ಕಾಗದವೆಲ್ಲ ಒಂದೇ ಎಂದು ಹೊಸಬರು ಭಾವಿಸುವುದುಂಟು. ಹಾಗಲ್ಲ. ರಾಜ್ಯ ಸರ್ಕಾರಕ್ಕೋ ಸಾರ್ವಜನಿಕರಿಗೋ ಬರೆಯುವುದು ಪತ್ರ. ಅದು 'ಸರ್' ಎಂದು ಮೊದಲಾಗಿ 'ಯುವರ್ಸ್ ಫೈತ್‌ಫುಲಿ' ಎಂದು ಮುಗಿಯುತ್ತದೆ. ಇಲಾಖೆಯು ಮತ್ತೊಂದು ಇಲಾಖೆಗೆ, ಇಲ್ಲವೆ ತನ್ನ ನೌಕರನಿಗೆ ಬರೆಯುವುದು ಆಫೀಸ್ ಮೆಮೊರಾಂಡಂ, ಎಂದರೆ ಜ್ಞಾಪನ. ಅದರಲ್ಲಿ ಸಂಬೋಧನೆಯಿಲ್ಲ, ವಂದನೆಯಿಲ್ಲ, 'ನಾನು' ಎಂಬ ಮಾತೂ ಇಲ್ಲ. ಡಿ.ಓ. ಪತ್ರ, ನಮ್ಮ ನಾಡಿನವರ ಅರೆಸರ್ಕಾರಿ ಪತ್ರ, ಇದಕ್ಕೆ ತೀರ ವಿರುದ್ಧ: ಅಧಿಕಾರಿಯೊಬ್ಬರು ಮತ್ತೊಬ್ಬರನ್ನು ಹೆಸರು ಹಿಡಿದು ಕರೆದು, ತಾವೇ ಮಾತನಾಡುವಂತೆ ಬರೆಯುತ್ತಾರೆ. ನೆನಪೋಲೆಗಳಿಗೆ ಅಲ್ಲಾಡದ ಕಡತ ಎಷ್ಟೋ ಸಲ ಇದಕ್ಕೆ ಅಲ್ಲಾಡುತ್ತದೆ. ಸುತ್ತೋಲೆ ಹಲವರಿಗೆ ಒಟ್ಟಾಗಿ ಹೇಳುವ ಮಾತು. ರಜೆ, ಕೆಲಸದ ಹಂಚಿಕೆ ಮೊದಲಾದ ಒಳಾಡಳಿತಕ್ಕೆ ಆಫೀಸ್ ಆರ್ಡರು. ಅಧಿಸೂಚನೆ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. 1963ರ ರಾಜಭಾಷಾ ಕಾನೂನಿನಂತೆ ಕೇಂದ್ರದ ಅಧಿಸೂಚನೆಗಳು ಹಿಂದಿ, ಇಂಗ್ಲಿಷ್ ಎರಡರಲ್ಲೂ ಹೊರಡಬೇಕು.

ಇದನ್ನೆಲ್ಲ ತಿಳಿದೇನಾಗಬೇಕು ಎನ್ನುವಿರಾ? ನಮ್ಮ ಕಡೆಯ ಹುಡುಗನೊಬ್ಬ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಮೇಜಿಗೆ ಒಂದು ಜ್ಞಾಪನ ಬಂತು. ಸುತ್ತೋಲೆಯೆಂದು ಬಗೆದು, ಮುಟ್ಟಿದ ಸಹಿ ಹಾಕಿ, ಡ್ರಾಯರಿನಲ್ಲಿಟ್ಟುಬಿಟ್ಟ. ಅದಾದರೋ ಗೈರುಹಾಜರಿಯ ಬಗ್ಗೆ ಅವನೊಬ್ಬನಿಂದ ಸಮಜಾಯಿಷಿ ಕೇಳಿದ್ದು! ತಾಯಿಯ ಕಾಯಿಲೆಗೆಂದು ಊರಿಗೆ ಓಡಿದ್ದವನ ಬಳಿ ಕಾರಣವಿತ್ತು, ಡಾಕ್ಟರ ಚೀಟಿಯೂ ಇತ್ತು. ಆದರೆ ಗಡುವು ಕಳೆಯಿತು. ಉತ್ತರವಿಲ್ಲವೆಂದು ವೇತನ ಬಡ್ತಿ ನಿಂತುಹೋಯಿತು.

ತಪ್ಪು ಅವನದು ಮಾತ್ರವೆ? ಪ್ರತಿ ಭಾನುವಾರ ನಮ್ಮೊಡನೆ ಕೂತು ಕಾಫಿ ಕುಡಿದವನು ಅವನು. ಸಂಕೋಚದಿಂದ ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂವತ್ತು ವರ್ಷ ಕಡತ ತಿರುವಿದ ಹಿರಿಯರು ನಮ್ಮಲ್ಲೇ ಇದ್ದರು.

ಆದುದರಿಂದ ಕಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಕಾಗದ ಕೈಗೆ ಬಂದೊಡನೆ ಮೂರನ್ನು ನೋಡಿ: ಅದು ಯಾರ ಹೆಸರಿಗಿದೆ, ಉತ್ತರ ಕೇಳಿದೆಯೆ, ಯಾವ ತಾರೀಖಿನೊಳಗೆ ಕೇಳಿದೆ. ಇಂದು ಕಾಗದದ ಬದಲು ಗಣಕದ ಪರದೆ ಬಂದಿದ್ದರೂ ಈ ಮೂರು ಬದಲಾಗಿಲ್ಲ. ಸಂದೇಹವಿದ್ದರೆ ಸಂಘಕ್ಕೆ ಬನ್ನಿ. ಹಿರಿಯರು ವಿವರವನ್ನು ಕನ್ನಡದಲ್ಲೇ ತಿಳಿಸಿಕೊಟ್ಟಾರು. ಉತ್ತರವನ್ನು ಇಂಗ್ಲಿಷಿನಲ್ಲಿ ತಿದ್ದಿಕೊಟ್ಟಾರು. ಪರಸ್ಥಳದಲ್ಲಿ ಸಂಘವೆಂಬುದು ಇರುವುದು ಹಬ್ಬಕ್ಕೆ ಮಾತ್ರವಲ್ಲವಷ್ಟೆ.