ಮಣ್ಣಿನ ದಿಬ್ಬ ಮತ್ತು ತಡಮೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನದೆಂದು ಆಹ್ವಾನಪತ್ರಿಕೆಯಲ್ಲಿ ಓದಿದ್ದೀರಿ. ನಾನು ಮಾತ್ರ ಊರವರು ಕರೆಯುತ್ತಿದ್ದಂತೆ 'ಡಾಕ್ಟ್ರು' ಎಂದೇ ಕರೆಯುತ್ತೇನೆ. ಗಡಿಯ ಪೇಟೆಯಲ್ಲಿದ್ದ ಅವರ ದವಾಖಾನೆಯ ಬೆಂಚಿನ ಮೇಲೆ ಕೂತು ಕೆಂಪು ಮಿಕ್ಸ್ಚರು ಕುಡಿದ ಹುಡುಗರಲ್ಲಿ ನಾನೂ ಒಬ್ಬ. ಅದೇ ದೊಡ್ಡ ಋಣ. ಅವರ ಹೆಸರಿನಲ್ಲಿ ಮಾತನಾಡಲು ಕರೆದು ಅದನ್ನು ಇನ್ನಷ್ಟು ಹೆಚ್ಚಿಸಿದ್ದೀರಿ.

ಇಂದಿನ ಮಾತು ಸೋಂಕಿನ ಕಾಲದಲ್ಲಿ ಮುಚ್ಚಿದ ಗಡಿಯ ಬಗ್ಗೆ. ರೋಗ ಹೇಗೆ ಹರಡುತ್ತದೆ, ಕ್ವಾರಂಟೈನ್ ಎಂಬ ಮಾತು ಹಡಗುಗಳನ್ನು ನಲವತ್ತು ದಿನ ನಿಲ್ಲಿಸುತ್ತಿದ್ದ ಪದ್ಧತಿಯಿಂದ ಹೇಗೆ ಬಂತು ಎಂಬುದೆಲ್ಲ ಪುಸ್ತಕಗಳಲ್ಲಿದೆ. ಸಂವಿಧಾನದ ಪಾಠವನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 6ನೇ ನಮೂದು. ಒಂದು ರಾಜ್ಯದ ಸೋಂಕು ಇನ್ನೊಂದಕ್ಕೆ ಹಬ್ಬದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೆಯದು. ಅಂತರರಾಜ್ಯ ಕ್ವಾರಂಟೈನ್ ಕೇಂದ್ರ ಪಟ್ಟಿಯ 81ನೆಯದು. ಮೂರು ಮನೆಯವರು ಊಟಕ್ಕೆ ಕರೆದ ನೆಂಟ ಕೊನೆಗೆ ಹಸಿದು ಮಲಗಿದಂತೆ ಆಯಿತು ಈ ಹೊಣೆಯ ಪಾಡು. ನನಗೆ ಕೊಟ್ಟ ಹೊತ್ತನ್ನೆಲ್ಲ ನಾನು ಕರ್ನಾಟಕ-ಕೇರಳ ಗಡಿಯ ತಲಪಾಡಿಗೇ ಇಟ್ಟುಕೊಂಡಿದ್ದೇನೆ.

2020ರ ಮಾರ್ಚ್ ಕೊನೆಯ ದಿನಗಳು. ಕಾಸರಗೋಡಿನಿಂದ ದಕ್ಷಿಣ ಕನ್ನಡಕ್ಕೆ ಬರುವ ದಾರಿಗಳನ್ನು ಕರ್ನಾಟಕ ಮುಚ್ಚಿತು. ತಲಪಾಡಿಯ ಹೆದ್ದಾರಿಯಲ್ಲಿ ಪೊಲೀಸರು ನಿಂತರು. ಒಳದಾರಿಗಳಲ್ಲಿ ಲಾರಿಗಟ್ಟಲೆ ಮಣ್ಣು ಸುರಿದರು. ಕೊಡಗಿನ ಮಾಕುಟ್ಟದ ಕಡೆಯ ರಸ್ತೆಗೂ ಮಣ್ಣೇ ಬಿತ್ತು. ಕಾರಣ ಸುಳ್ಳಾಗಿರಲಿಲ್ಲ. ಕಾಸರಗೋಡಿನಲ್ಲಿ ಆಗ ಕೋವಿಡ್ ಸೋಂಕು ಏರುತ್ತಿತ್ತು, ಕೇರಳದಲ್ಲೇ ಅತಿ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆಯಾಗಿತ್ತು ಅದು. ಆದರೆ ಆ ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಹೃದಯಕ್ಕೆ, ಡಯಾಲಿಸಿಸ್‌ಗೆ, ಕಷ್ಟದ ಹೆರಿಗೆಗೆ ದೇರಳಕಟ್ಟೆ, ಕಂಕನಾಡಿ, ಅತ್ತಾವರದ ಆಸ್ಪತ್ರೆಗಳು. ಕಾಸರಗೋಡು ಜಿಲ್ಲೆಯದೇ ಆದ ಉಕ್ಕಿನಡ್ಕದಲ್ಲಿ 2013ರಲ್ಲಿ ಶಂಕುಸ್ಥಾಪನೆಯಾದ ವೈದ್ಯಕೀಯ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆದದ್ದು 2020ರ ಏಪ್ರಿಲ್‌ನಲ್ಲಿ. ನಡುವಿನ ದಿನಗಳಲ್ಲಿ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂತಿರುಗಿದವು. ದಾರಿ ಸಿಗದೆ ಸತ್ತವರ ಸುದ್ದಿಯನ್ನು ಪತ್ರಿಕೆಗಳು ದಿನ ಬಿಟ್ಟು ದಿನ ಬರೆದವು.

ಇಲ್ಲಿಂದ ನನ್ನ ಜಗಳ ಶುರು. ಮೊದಲು, ದಿಬ್ಬವೇ ದಕ್ಷಿಣ ಕನ್ನಡವನ್ನು ಉಳಿಸಿತು ಎನ್ನುವ ಮಿತ್ರರೊಂದಿಗೆ. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಪ್ರಕರಣಗಳು ಕಡಿಮೆ ಇದ್ದವಲ್ಲ ಎನ್ನುತ್ತಾರೆ. ಇದ್ದವು, ಒಪ್ಪುತ್ತೇನೆ. ಆದರೆ ದಿಬ್ಬ ಬಿದ್ದ ದಿನಗಳಲ್ಲೇ ವಿದೇಶದ ವಿಮಾನ ನಿಂತಿತ್ತು, ರೈಲು ನಿಂತಿತ್ತು, ಬಸ್ಸು ನಿಂತಿತ್ತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತ್ತು. ಇಷ್ಟೆಲ್ಲ ಬೀಗಗಳ ನಡುವೆ ಕಳ್ಳನನ್ನು ತಡೆದದ್ದು ಅಂಗಳದ ಆ ಮಣ್ಣಿನ ಗುಡ್ಡೆಯೇ ಎಂದು ಯಾವ ಲೆಕ್ಕದಿಂದ ಹೇಳುತ್ತಾರೆ? ಈ ರೋಗ ಗಡಿಯ ಗದ್ದೆಯ ಹುಣಿಯ ಮೇಲೆ ನಡೆದು ಬಂದದ್ದೂ ಅಲ್ಲ. ಕೇರಳದ ಮೊದಲ ಮೂರು ಪ್ರಕರಣಗಳು, ಕಾಸರಗೋಡಿನದೂ ಸೇರಿ, ವುಹಾನ್‌ನಿಂದ ಮರಳಿದ ವಿದ್ಯಾರ್ಥಿಗಳದು. ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಾಯಿತು. ಆ ಹಿರಿಯರು ಸೌದಿಯಿಂದ ಬಂದಿದ್ದರು. ರೋಗ ವಿಮಾನದಲ್ಲಿ ಬಂತು, ದಿಬ್ಬ ಬಿದ್ದದ್ದು ಮಂಜೇಶ್ವರದ ಕಾಲುದಾರಿಗೆ.

ಎರಡನೆಯ ವಾದ ಇದಕ್ಕಿಂತ ಗಟ್ಟಿ, ಅದನ್ನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾ 2020ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ತನ್ನ ಗಡಿಯನ್ನು ಬಿಗಿಹಿಡಿದು ಗೆದ್ದಿತು, ಆ ದೇಶದ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು ಎನ್ನುತ್ತಾರೆ. ನಿಜ. ಆದರೆ ಅಲ್ಲಿ ಗಡಿ ಎಂದರೆ ನೂರಾರು ಮೈಲಿ ಬೆಂಗಾಡು, ಬೆರಳೆಣಿಕೆಯ ರಸ್ತೆ. ಪರ್ತ್‌ನ ರೋಗಿಗೆ ಆಸ್ಪತ್ರೆ ಪರ್ತ್‌ನಲ್ಲೇ ಇದೆ. ನಮ್ಮ ಗಡಿ ಅಡಿಕೆ ತೋಟದ ನಡುವೆ ಹಾಯುತ್ತದೆ; ಅಕ್ಕನ ಮನೆ ಆಚೆ, ತಂಗಿಯ ಮನೆ ಈಚೆ. ಮರಳುಗಾಡಿನ ಉತ್ತರವನ್ನು ತೋಟಕ್ಕೆ ತಂದವರು ಎರಡೂ ಊರನ್ನು ನೋಡಿದವರಲ್ಲ.

ಇನ್ನು ಕಾನೂನಿನ ಗೆಳೆಯರು. ನ್ಯಾಯಾಲಯ ಎಲ್ಲವನ್ನೂ ಬಗೆಹರಿಸಿತಲ್ಲ ಎಂದು ಬೀಗುವವರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ತುರ್ತು ಚಿಕಿತ್ಸೆಗೆ ಹೋಗುವವರ ತಡೆಯನ್ನು ಕೇಂದ್ರವೇ ತೆಗೆಸಲಿ ಎಂದಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 3ರಂದು ಅದು, ಕೇಂದ್ರ ಆರೋಗ್ಯ ಕಾರ್ಯದರ್ಶಿ ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳೊಂದಿಗೆ ಕೂತು ದಾರಿ ಹುಡುಕಲಿ ಎಂದಿತು. ಏಪ್ರಿಲ್ 7ರಂದು ಒಪ್ಪಂದವಾಗಿದೆ ಎಂದು ಕೇಳಿ ಕಡತ ಮುಚ್ಚಿತು. ರೋಗಿಗಳು ದಾಟಿದರು ಎಂಬಷ್ಟಕ್ಕೆ ನನಗೂ ಸಮಾಧಾನ. ತತ್ತ್ವವನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಈ ಕಾನೂನಿನ ಗೆಳೆಯರೆಲ್ಲ 19ನೇ ವಿಧಿಯ ಸಂಚಾರ ಸ್ವಾತಂತ್ರ್ಯವನ್ನು ಹಿಡಿದು ಜಗ್ಗಾಡುತ್ತಾರೆ. ಅದಕ್ಕೆ ಸಮಂಜಸ ನಿರ್ಬಂಧ ಹಾಕಬಹುದೆಂದು ಅದೇ ವಿಧಿ ಹೇಳುತ್ತದೆ. ತಲಪಾಡಿಯಲ್ಲಿ ಆಂಬುಲೆನ್ಸಿನೊಳಗೆ ಮಲಗಿದ್ದವರು ಸಂಚಾರಕ್ಕೆ ಹೊರಟವರಲ್ಲ. ಅವರದು 21ನೇ ವಿಧಿಯ ಪ್ರಶ್ನೆ. ರೈಲಿನಿಂದ ಬಿದ್ದ ಕೂಲಿಕಾರನನ್ನು ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದಮೇಲೊಂದು ತಿರುಗಿಸಿ ಕಳಿಸಿದ ಪ್ರಕರಣದಲ್ಲಿ, 1996ರಲ್ಲೇ, ತುರ್ತು ಚಿಕಿತ್ಸೆ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪನ್ನು ಗಡಿಯವರೆಗೆ ನಡೆಸಿಕೊಂಡು ಬರುವ ಅವಕಾಶ ಏಪ್ರಿಲ್ 7ರಂದು ಕೈತಪ್ಪಿತು.

ಇದನ್ನು ಕನ್ನಡಿಗ-ಮಲಯಾಳಿ ಜಗಳವೆಂದು ನೋಡುವವರಿಗೆ ಒಂದೇ ಮಾತು. ಚಂದ್ರಗಿರಿ ಹೊಳೆಯ ಉತ್ತರಭಾಗ ನಮಗೆ ಸೇರಬೇಕೆಂದು 1967ರ ಮಹಾಜನ ಆಯೋಗದ ಗಡಿ ವರದಿ ಹೇಳಿತು. ಅಂದಿನಿಂದ ಆ ವರದಿಯನ್ನು ಎತ್ತಿ ಹಿಡಿದೇ ಇದ್ದೇವೆ. ತಲಪಾಡಿಯಲ್ಲಿ ತಡೆದದ್ದು ಆ ಉತ್ತರಭಾಗದವರನ್ನೇ. ಆ ಆಂಬುಲೆನ್ಸುಗಳಲ್ಲಿ ನರಳಿದ ದನಿಗಳು ತುಳು, ಕನ್ನಡ, ಬ್ಯಾರಿ, ಕೊಂಕಣಿಯವೂ ಆಗಿದ್ದವು.

ಡಾಕ್ಟ್ರ ತೋಟಕ್ಕೆ ಬೇಲಿಯಿತ್ತು, ಬೇಲಿಯಲ್ಲೊಂದು ತಡಮೆಯಿತ್ತು. ಪಟ್ಟಣದಲ್ಲಿ ಬೆಳೆದವರಿಗೆ ಹೇಳಬೇಕು: ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟಲಾರದು, ಅಂಥ ಸಂದು ಅದು. ರಾತ್ರಿ ರೋಗಿಯ ಮನೆಯವರು ಲಾಟೀನು ಹಿಡಿದು ಬರುತ್ತಿದ್ದುದು ಆ ತಡಮೆಯಿಂದ. ಬೇಲಿಯನ್ನು ಎಷ್ಟು ಬಿಗಿ ಕಟ್ಟಿದರೂ ಡಾಕ್ಟ್ರು ಅದನ್ನು ಮುಚ್ಚಿದವರಲ್ಲ. ಗಡಿ ಬೇಡವೆಂದು ನಾನು ಹೇಳುತ್ತಿಲ್ಲ. ಸೋಂಕಿನ ಕಾಲದಲ್ಲಿ ಬೇಲಿ ಬೇಕು, ಬೇಲಿಯಲ್ಲೊಂದು ತಡಮೆಯೂ ಬೇಕು. ಪೊಲೀಸರಿಗೆ ಕಾಗದ ತೋರಿಸಬಹುದು, ಕಾಲು ಹಿಡಿಯಬಹುದು. ಮಣ್ಣಿಗೆ ಯಾವುದನ್ನು ತೋರಿಸುವುದು? ದಿಬ್ಬಕ್ಕೆ ಕಣ್ಣಿಲ್ಲ, ಸೋಂಕಿತನಿಗೂ ಹೆರಿಗೆ ನೋವಿನವಳಿಗೂ ಅದು ವ್ಯತ್ಯಾಸ ಮಾಡದು.

ನಮ್ಮ ಹಿರಿಯರಿಗೆ ಇಂಥ ತಡಮೆ ಗೊತ್ತಿರಲಿಲ್ಲವೇ? ಪ್ಲೇಗಿನ ಕಾಲದಲ್ಲಿ ಮದರಾಸು ಪ್ರಾಂತದಲ್ಲಿ ಪ್ಲೇಗ್ ಪಾಸ್‌ಪೋರ್ಟ್ ಎಂಬ ಚೀಟಿಯಿತ್ತು. ಸೋಂಕಿನ ಊರಿಂದ ಬಂದವನಿಗೆ ಅದನ್ನು ಕೊಟ್ಟು, ತಲುಪಿದ ಊರಲ್ಲಿ ಹತ್ತು ದಿನ ತಪಾಸಣೆಗೆ ಹಾಜರಾಗು ಎನ್ನುತ್ತಿದ್ದರು. ಆ ವ್ಯವಸ್ಥೆಯ ದಬ್ಬಾಳಿಕೆಯನ್ನು ನಾನು ಹೊಗಳಲಾರೆ; ಜನ ಅದನ್ನು ದ್ವೇಷಿಸಿದ್ದರು. ಆದರೂ ಅದು ದಾರಿಯನ್ನು ಕಡಿಯದೆ ದಾರಿಹೋಕನ ಬೆನ್ನುಹತ್ತಿತು.

ಕೊನೆಯದು, ಎರಡೂ ಕಡೆಯವರು ಕೇಳಬೇಕಾದ ಸಂಗತಿ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸಾಲದೆಂದು ಎರಡೂ ರಾಜ್ಯಗಳು 2020ರಲ್ಲಿ ತಮ್ಮದೇ ಸುಗ್ರೀವಾಜ್ಞೆ ತಂದವು. ಕೇರಳದ್ದು ಬಂದದ್ದು ತಲಪಾಡಿಗಾಗಿ ಆ ರಾಜ್ಯ ಗೋಳಿಡುತ್ತಿದ್ದ ದಿನಗಳಲ್ಲೇ. ಅದರ 4ನೇ ಕಲಮು ಬಿಡಿಸಿ ನೋಡಿ: ಅಗತ್ಯವೆನಿಸಿದಷ್ಟು ಕಾಲ ರಾಜ್ಯದ ಗಡಿಯನ್ನು ಮುಚ್ಚುವ ಅಧಿಕಾರ ಅಲ್ಲಿತ್ತು. ತಿರುವನಂತಪುರದಲ್ಲಿ ಇದನ್ನು ಹೇಳಿದಾಗ ಸಭೆ ಮೌನವಾಯಿತು. ಬೆಂಗಳೂರಿನಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು. ಮೌನವೇ ವಾಸಿ. ಮುಚ್ಚುವ ಆ ಮಾತಿನ ಪಕ್ಕದಲ್ಲಿ ರೋಗಿಯ ಮಾತಿರಲಿಲ್ಲ.

ಅಂಥ ಮಾತು ಬರುವಲ್ಲೆಲ್ಲ ಸೇರಿಸಬೇಕೆಂದು ನಾನು ಬರೆದುಕೊಂಡಿರುವ ವಾಕ್ಯವನ್ನು ಓದಿ ಕೂರುತ್ತೇನೆ: "ಗಡಿ ಮುಚ್ಚುವ ಆದೇಶ ಹೊರಡಿಸಿದ ಅಧಿಕಾರಿಯು, ಮುಚ್ಚಿದ ಪ್ರತಿ ಹೆದ್ದಾರಿಯಲ್ಲಿ ಆ ಗಳಿಗೆಯಿಂದಲೇ ಹಗಲೂ ರಾತ್ರಿ ಒಬ್ಬ ವೈದ್ಯರನ್ನು ನಿಲ್ಲಿಸತಕ್ಕದ್ದು, ತಡೆಯನ್ನು ತೆರೆಸುವ ಅಧಿಕಾರ ಆ ವೈದ್ಯರಿಗಿರತಕ್ಕದ್ದು, ವೈದ್ಯರು ಸಿಗದಿದ್ದಲ್ಲಿ ಆ ಹೆದ್ದಾರಿಯನ್ನು ಮುಚ್ಚತಕ್ಕದ್ದಲ್ಲ."