ನಾಲ್ಕು ಮೀಟರಿನ ಒಳಗಿನ ಕಾರು



ಸಿರುಮುಗೈಯ ನೇಕಾರ ಮನೆಗಳಲ್ಲಿ ಈಚೆಗೆ ಮಗ್ಗದ ಮಾತಿನ ನಡುವೆ ಕಾರಿನ ಮಾತೂ ನುಸುಳುತ್ತಿದೆ. ರೇಷ್ಮೆ ಸೀರೆಯ ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿಟ್ಟವರು, ಮಕ್ಕಳನ್ನು ಕೊಯಮತ್ತೂರಿನ ಕೆಲಸಕ್ಕೆ ಕಳಿಸಿದವರು ಈಗ ಕೇಳುವುದು ಎತ್ತರದ ಮೈಕಟ್ಟಿನ, ಸ್ವಲ್ಪ ಠೀವಿಯ ಚಿಕ್ಕ ಎಸ್‌ಯುವಿಯನ್ನು. ಯಾವ ಕಂಪನಿಯದು ಎಂಬುದನ್ನು ಬೇಗ ತೀರ್ಮಾನಿಸುತ್ತಾರೆ. ಯಾವ ಎಂಜಿನ್, ಯಾವ ದರ್ಜೆ ಎಂಬಲ್ಲಿ ಮಾತ್ರ ಬೆಲೆಪಟ್ಟಿ ಹಿಡಿದು ತಬ್ಬಿಬ್ಬಾಗುತ್ತಾರೆ. ವರ್ಷಗಟ್ಟಲೆ ಕಂತು ಕಟ್ಟಬೇಕಾದ ಸರಕು ಇದು. ಆದ್ದರಿಂದ ಇಂದು ಆ ಪಟ್ಟಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ, ಉದ್ದ 4 ಮೀಟರಿನೊಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದ ಕಾರಿಗೆ ಜಿಎಸ್‌ಟಿ ಶೇಕಡಾ 18, ಮೀರಿದರೆ 40. ಟಾಟಾ ನೆಕ್ಸಾನ್, ಮಹೀಂದ್ರಾ 3ಎಕ್ಸ್‌ಒ, ಕಿಯಾ ಸೋನೆಟ್, ಸ್ಕೋಡಾ ಕೈಲಾಕ್ ಇವೆಲ್ಲ ಈ ಗೆರೆಯ ಒಳಗೇ ಇವೆ. ಮಾರುತಿ ಬ್ರೆಝಾ ಉದ್ದದಲ್ಲಿ ಒಳಗಿದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಹಾಗಾಗಿ ಹೊರಗೆ ಬಿತ್ತು. ಬೆಲೆಪಟ್ಟಿಯಲ್ಲಿ ಈ ತೆರಿಗೆ ಸೇರಿಯೇ ಇರುವುದರಿಂದ ನಮಗೆ ಕಾಣುವುದಿಲ್ಲ.

ಕಾಣುವ ತೆರಿಗೆ ಇನ್ನೊಂದಿದೆ, ತಮಿಳುನಾಡಿನ ರಸ್ತೆ ತೆರಿಗೆ. 2023ರ ನವೆಂಬರಿನಲ್ಲಿ ಏರಿಸಿದ ದರದ ಪ್ರಕಾರ 5 ಲಕ್ಷ ದಾಟಿ 10 ಲಕ್ಷದವರೆಗಿನ ಕಾರಿಗೆ ಶೇಕಡಾ 13, ಹತ್ತು ದಾಟಿ 20 ಲಕ್ಷದವರೆಗೆ ಶೇಕಡಾ 18. ಲೆಕ್ಕ ಹಾಕಿ ನೋಡಿ: 9,90,000 ರೂಪಾಯಿಯ ಕಾರಿಗೆ ತೆರಿಗೆ 1,28,700. ಅದೇ ಕಾರಿನ ಮೇಲಿನ ದರ್ಜೆ 10,20,000 ಎಂದರೆ ತೆರಿಗೆ 1,83,600. ಮೂವತ್ತು ಸಾವಿರ ಹೆಚ್ಚು ಕೊಟ್ಟೆ ಎಂದುಕೊಂಡವರು ಕೊಟ್ಟದ್ದು ಸುಮಾರು ಎಂಬತ್ತೈದು ಸಾವಿರ. ಹತ್ತು ಲಕ್ಷದ ಅಂಚಿನಲ್ಲಿ ನಿಂತವರು ಒಂದೋ ಈಚೆಗೇ ಉಳಿಯಬೇಕು, ಇಲ್ಲವೇ ದಾಟಿದ್ದಕ್ಕೆ ತಕ್ಕ ಲಾಭ ಆ ದರ್ಜೆಯಲ್ಲಿ ಇದೆಯೇ ಎಂದು ನೋಡಬೇಕು.

ಇನ್ನು ಎಂಜಿನ್. ನಮ್ಮೂರಿನ ಕಾರು ನಿತ್ಯ ಓಡುವುದು ಮೇಟ್ಟುಪಾಳೆಯಂವರೆಗೆ. ಹತ್ತು ಕಿಲೋಮೀಟರಿಗೂ ಕಡಿಮೆ. 2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು, ಕೆಲಕಾಲ ಒಂದೇ ಸಮನೆ ಓಡಬೇಕು. ಪೇಟೆಗೆ ಹೋಗಿ ಬರುವ ಓಟದಲ್ಲಿ ಅದು ಆಗದು. ಜಾಲರಿ ಕಟ್ಟಿಕೊಳ್ಳುತ್ತದೆ, ದುರಸ್ತಿಯ ಖರ್ಚು ದೊಡ್ಡದು. ವಾರವಾರ ಸೀರೆಯ ಗಂಟು ಹೊತ್ತು ಬೆಂಗಳೂರಿಗೋ ಚೆನ್ನೈಗೋ ಹೋಗುವವರಿಗೆ ಡೀಸೆಲ್ ಸರಿ. ಉಳಿದವರಿಗೆ ಪೆಟ್ರೋಲೇ ವಾಸಿ.

ಪೆಟ್ರೋಲಿನಲ್ಲೂ ಟರ್ಬೊ ಬೇಕೇ? ಬಯಲಿನಲ್ಲಷ್ಟೇ ಓಡಿಸುವವರಿಗೆ ಬೇಕಿಲ್ಲ. ನಮಗಾದರೋ ಒಂದು ಕಡೆ ಕೋತಗಿರಿ, ಕೂನೂರು. ಇನ್ನೊಂದು ಕಡೆ ಸತ್ಯಮಂಗಲ ದಾಟಿದರೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಟ್ಟ, ಅದರಾಚೆ ಚಾಮರಾಜನಗರದ ನೆಂಟರು. ಊಟಿ 2,200 ಮೀಟರಿಗೂ ಎತ್ತರ. ಅಲ್ಲಿ ಗಾಳಿ ತೆಳುವಾಗಿ ಸಾದಾ ಎಂಜಿನ್ ಸೊರಗುತ್ತದೆ. ಐದು ಜನ, ಮೇಲೆ ಏಸಿ. ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಏದುಸಿರು ಬಿಡುವ ಕಾರನ್ನು ನೀವೂ ಕಂಡಿರುತ್ತೀರಿ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ಕಷ್ಟ ಕಡಿಮೆ. ಎಂಜಿನ್ ಆಯಿಲನ್ನು ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂಬುದನ್ನು ಘಟ್ಟದ ಕೆಳಗಿನವರಿಗೆ ಹೇಳಬೇಕಾಗಿಲ್ಲ. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಕಾರನ್ನು ಗೇರಿನಲ್ಲಿ ತಡೆಯಬೇಕು. ಗೇರು ಬದಲಿಸುವ ಕೈಕೆಲಸ ಬೇಡ ಎನ್ನುವವರು ಯಾವ ಬಗೆಯ ಆಟೊಮ್ಯಾಟಿಕ್ ಎಂದು ಕೇಳಿಯೇ ತೆಗೆದುಕೊಳ್ಳಿ. ಅಗ್ಗದ ಎಎಂಟಿ ಏರಿನಲ್ಲಿ ತುಸು ಎಳೆದಾಡುತ್ತದೆ. ಜೋಡಿ ಕ್ಲಚ್ಚಿನದು ಚುರುಕು. ಆದರೆ ಸೀಸನ್ನಿನಲ್ಲಿ ಊಟಿ ರಸ್ತೆಯ ಸಾಲಿನಲ್ಲಿ ಗಂಟೆಗಟ್ಟಲೆ ತೆವಳುವಾಗ ಬಿಸಿಯೇರಬಹುದು. ಟಾರ್ಕ್ ಕನ್ವರ್ಟರ್ ಬಗೆಯದು ಸ್ವಲ್ಪ ಹೆಚ್ಚು ಇಂಧನ ಕುಡಿದರೂ ಈ ಕೆಲಸಕ್ಕೆ ಸಮಾಧಾನದ್ದು. ಕೈಲಾಕ್‌ನಲ್ಲೂ 3ಎಕ್ಸ್‌ಒ ಪೆಟ್ರೋಲಿನಲ್ಲೂ ಅದು ಸಿಗುತ್ತದೆ. ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳನ್ನು ಹುಡುಗರ ಆಟಿಕೆ ಎನ್ನಬೇಡಿ. ಇಳಿಜಾರಿನಲ್ಲಿ ಕೈ ತೆಗೆಯದೆ ಕೆಳಗಿನ ಗೇರಿಗೆ ಬರಲು ಅವೇ ಒದಗುತ್ತವೆ.

ಒಡಲು ನೋಡದೆ ಸೆರಗಿಗೆ ಮರುಳಾಗಿ ಸೀರೆ ಕೊಳ್ಳುವವರನ್ನು ಕಂಡರೆ ನಮಗೆ ನಗು. ಶೋರೂಮಿನಲ್ಲಿ ನಾವೇ ಸೆರಗು ನೋಡುತ್ತೇವೆ! ಛಾವಣಿಯ ಗಾಜು ನಮ್ಮ ಏಪ್ರಿಲ್ ಬಿಸಿಲಿಗೆ ಹೇಳಿಸಿದ್ದಲ್ಲ, ಓಡುವ ಕಾರಿನಲ್ಲಿ ಮಕ್ಕಳು ಅದರಿಂದ ತಲೆ ಹೊರಹಾಕುವುದಂತೂ ಪ್ರಾಣಕ್ಕೆ ಕುತ್ತು. ದೊಡ್ಡ ಚಕ್ರ ಅಂದಕ್ಕೆ ಸರಿ, ಆದರೆ ಕುಲುಕು ಹೆಚ್ಚು, ಟೈರು ದುಬಾರಿ. ಕೇಳಬೇಕಾದವು ಬೇರೆ: ಕಾರು ಜಾರದಂತೆ ತಡೆಯುವ ಇಎಸ್‌ಸಿ, ಆರು ಏರ್‌ಬ್ಯಾಗ್, ಮಗುವಿನ ಆಸನ ಸಿಕ್ಕಿಸುವ ಐಸೋಫಿಕ್ಸ್, ಹಿಂದಿನ ಸೀಟಿನ ನಡುವೆ ಕೂರುವವರಿಗೂ ಭುಜದ ಮೇಲಿಂದ ಬರುವ ಬೆಲ್ಟು. 2018ರ ಡಿಸೆಂಬರಿನಲ್ಲಿ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮೇಲೆ ಜನ ಇವನ್ನು ಕೇಳತೊಡಗಿದರು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆಯೂ ಇದೆ. ಹಿಂದಿನ ಗಾಜಿನ ವೈಪರ್ ಕೆಳದರ್ಜೆಯಲ್ಲಿ ಇಲ್ಲದಿರುವುದುಂಟು. ಕೋತಗಿರಿಯ ಮಂಜಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಕಾರು ತಾನೇ ಬ್ರೇಕ್ ಹಾಕುವ ಏಡಾಸ್ ಬಗ್ಗೆ ನನ್ನ ಅಭಿಪ್ರಾಯ: ಹೆದ್ದಾರಿಯಲ್ಲಿ ಒಳ್ಳೆಯದು, ಆಡು ಮೇಕೆ, ಮೊಪೆಡ್ಡು ಅಡ್ಡಬರುವ ನಮ್ಮ ಬೀದಿಗೆ ಅದಕ್ಕಾಗಿಯೇ ಲಕ್ಷ ಕೊಡುವಂಥದ್ದಲ್ಲ.

ಮುಂಗಡ ಕೊಡುವ ಮೊದಲು ಮನೆಯ ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸಿ, ಇಳಿಸಿ ನೋಡಿ. ಸೀರೆಯ ಗಂಟೊಂದನ್ನು ಡಿಕ್ಕಿಯಲ್ಲಿಟ್ಟು ಬಾಗಿಲು ಹಾಕಿ ನೋಡಿ. ವಿಮೆಯನ್ನು ಶೋರೂಮಿನವರಿಂದಲೇ ಕೊಳ್ಳಬೇಕೆಂಬ ಕಟ್ಟಳೆ ಇಲ್ಲ. ಹೊರಗೂ ದರ ವಿಚಾರಿಸಿ. ಕಾರು ಪಡೆಯುವಾಗ ಮಾರಾಟಪತ್ರವಾದ 21ನೇ ನಮೂನೆಯಲ್ಲಿ ತಯಾರಾದ ತಿಂಗಳು, ವರ್ಷ ಬರೆದಿರುತ್ತದೆ. ಅದನ್ನು ಓದಿದ ಮೇಲೆಯೇ ಬೀಗದ ಕೈಗೆ ಕೈ ಚಾಚಿ.