ಮೊದಲೇ ತಿಳಿಸಬೇಕಾದ ಅಡ್ಡಪರಿಣಾಮ

ಗರ್ಭಚೀಲದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಅಲ್ಲ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಆದರೂ ‘ಚೀಲ ತೆಗೆಸಿಬಿಡು’ ಎಂಬ ಮಾತು ನಮ್ಮ ಶಹಾಬಾದ, ಚಿಂಚೋಳಿ ಕಡೆ ಬಲುಬೇಗ ಬರುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಚೀಲವನ್ನು ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ಬಯಲಾಯಿತು. ಅವರಲ್ಲಿ ಅನೇಕರಿಗೆ ನಲವತ್ತು ತುಂಬಿರಲಿಲ್ಲ. ಆಪರೇಷನ್ ಇಲ್ಲದೆಯೂ ಚಿಕಿತ್ಸೆಯಿದೆ, ಆದರೆ ಅದಕ್ಕೂ ಅಡ್ಡಪರಿಣಾಮವಿದೆ. ಅದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಹೆದರಿದ ಹೆಂಗಸು ಔಷಧಿಯನ್ನು ಅರ್ಧಕ್ಕೇ ಬಿಟ್ಟು ಆಪರೇಷನ್‌ಗೆ ಒಪ್ಪಿಬಿಡುತ್ತಾಳೆ ಎಂಬುದೇ ನನ್ನ ಆತಂಕ.

ಗರ್ಭಚೀಲದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯನ್ನೇ ನೋಡಿ. ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಬಟ್ಟೆಗೆ ಕಲೆಯಾಗುತ್ತದೆ. ಕ್ರಮೇಣ ರಕ್ತ ಹೋಗುವುದು ಬಹಳ ಕಡಿಮೆಯಾಗುತ್ತದೆ. ಇದು ಗೊತ್ತಿಲ್ಲದವಳು ಎರಡನೇ ತಿಂಗಳಿಗೇ ‘ರೋಗ ಹೆಚ್ಚಾಯಿತು’ ಎಂದುಕೊಳ್ಳುತ್ತಾಳೆ. ಗಡ್ಡೆ ಗರ್ಭಚೀಲದ ಒಳಗೇ ಚಾಚಿಕೊಂಡಿದ್ದರೆ ವಂಕಿ ಜಾರಿ ಬೀಳಲೂಬಹುದು. ರಕ್ತ ತಗ್ಗಿಸಲು ಮುಟ್ಟಿನ ದಿನಗಳಲ್ಲಷ್ಟೇ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯಿಂದ ವಾಕರಿಕೆ, ಭೇದಿ ಆಗಬಹುದು. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಅದು ಸಲ್ಲದು. ಗಡ್ಡೆ ಕುಗ್ಗಿಸುವ ಲ್ಯುಪ್ರೊಲೈಡ್ ಚುಚ್ಚುಮದ್ದು ಮೈಯಲ್ಲಿ ಬಿಸಿ ಏರಿಸುತ್ತದೆ, ಬೆವರಿಳಿಸುತ್ತದೆ, ಮೂಳೆ ಸವೆಸುತ್ತದೆ. ಮೇ ತಿಂಗಳಲ್ಲಿ ಫರ್ಸಿ ಗಣಿಯ ಬಿಸಿಲಲ್ಲಿ ಕಲ್ಲು ಹೊರುವವಳಿಗೆ ಇದು ಸಣ್ಣ ಕಷ್ಟವಲ್ಲ. ಮೂಳೆ ಸವೆಯುವುದರಿಂದಲೇ ಈ ಚುಚ್ಚುಮದ್ದನ್ನಷ್ಟೇ ಕೊಡುವಾಗ ಸಾಮಾನ್ಯವಾಗಿ ಆರು ತಿಂಗಳು ಮೀರಿಸುವುದಿಲ್ಲ. ನಿಲ್ಲಿಸಿದರೆ ಮೂಳೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಗಡ್ಡೆಯೂ ಮತ್ತೆ ಬೆಳೆಯಬಹುದು. ಇದೇ ಗಡ್ಡೆಗೆ ಕೊಡುತ್ತಿದ್ದ ಯುಲಿಪ್ರಿಸ್ಟಲ್ ಮಾತ್ರೆಯಿಂದ ಕೆಲವರ ಯಕೃತ್ತು ಕೆಟ್ಟಿದ್ದರಿಂದ ಯುರೋಪಿನಲ್ಲಿ 2020ರಲ್ಲಿ ಅದರ ಬಳಕೆಯನ್ನು ಬಿಗಿಗೊಳಿಸಿದರು.

‘ಇಷ್ಟೆಲ್ಲ ಕಾಟ ಯಾಕೆ, ಒಂದೇ ಸಲ ತೆಗೆಸಿದರೆ ಮುಗಿಯಿತಲ್ಲ, ದಿನಗೂಲಿಯವರು ಎಷ್ಟು ಸಲ ಕಲಬುರಗಿಗೆ ಅಲೆಯಬೇಕು?’ ಎನ್ನುವವರಿದ್ದಾರೆ. ಅಲೆದಾಟದ ಮಾತು ನಿಜ. ಗಡ್ಡೆ ತೀರಾ ದೊಡ್ಡದಾಗಿದ್ದರೆ, ಔಷಧಿಗೆ ರಕ್ತ ನಿಲ್ಲದಿದ್ದರೆ ಆಪರೇಷನ್ನೇ ಸರಿ. ಆದರೆ ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆದರೆ ಅದೇ ಬಿಸಿ, ಅದೇ ಮೂಳೆ ಸವೆತ ರಾತ್ರೋರಾತ್ರಿ ಶುರುವಾಗುತ್ತದೆ. ಅದನ್ನು ಚುಚ್ಚುಮದ್ದಿನ ಹಾಗೆ ನಿಲ್ಲಿಸಲಾಗದು. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅದು ಬೇಗ ಸೋಲುತ್ತದೆ.

ಗಡ್ಡೆಗೆ ಹೋಗುವ ರಕ್ತನಾಳವನ್ನೇ ಮುಚ್ಚುವ ಎಂಬೊಲೈಸೇಶನ್ ಇನ್ನೊಂದು ದಾರಿ. ಮೊದಲ ಕೆಲವು ದಿನ ಹೊಟ್ಟೆನೋವು, ಸಣ್ಣ ಜ್ವರ, ವಾಕರಿಕೆ ಇರುತ್ತವೆ. ನಲವತ್ತೈದು ದಾಟಿದವರಲ್ಲಿ ಕೆಲವರಿಗೆ ಮುಟ್ಟು ಪೂರ್ತಿ ನಿಲ್ಲಬಹುದು. ಮಕ್ಕಳು ಬೇಕೆನ್ನುವವರು ತಮ್ಮ ಬಯಕೆಯನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಮನೆಗೆ ಬಂದ ಮೇಲೆ ಜ್ವರ ಏರುತ್ತಾ ದುರ್ವಾಸನೆಯ ಸ್ರಾವ ಕಂಡರೆ ಅದು ಸೋಂಕಿನ ಲಕ್ಷಣ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.